ಎಡಗಡೆಗೆ ನಿಲ್ಲುತ್ತಿದ್ದ ಯಮ

ಯಮಧರ್ಮರಾಯ ಕಾಫಿ ಕುಡಿಯುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಎಡಗೈಯ ತೋರುಬೆರಳಿನಿಂದ ಅಂಟುಮೀಸೆಯನ್ನು ಮೇಲಕ್ಕೆತ್ತಿ ಹಿಡಿದು, ಲೋಟ ತುಟಿಗೆ ತಾಗದಂತೆ ಎತ್ತರದಿಂದ ಸುರಿದುಕೊಳ್ಳುತ್ತಿದ್ದರು. ತುಟಿಗೆ ಬಳಿದ ಕೆಂಪು ಬಣ್ಣ ಲೋಟಕ್ಕೆ ಹತ್ತಬಾರದು ಎಂಬ ಎಚ್ಚರ. ಗದೆಯನ್ನು ನನ್ನ ಇಸ್ತ್ರಿ ಮೇಜಿನ ಕಾಲಿಗೆ ಒರಗಿಸಿ, ಪಾಶದ ಹಗ್ಗವನ್ನು ಟವೆಲ್ಲಿನ ಹಾಗೆ ಹೆಗಲ ಮೇಲೆ ಹಾಕಿಕೊಂಡು, ಅಂಗಡಿಯ ಹೊರಗೆ ಬಿಸಿಲಿನಲ್ಲೇ ನಿಂತಿರುತ್ತಿದ್ದರು. "ಒಳಗೆ ಬನ್ನಿ ಅಣ್ಣ, ನೆರಳಿದೆ" ಎಂದರೆ ತಲೆ ಅಲ್ಲಾಡಿಸುತ್ತಿದ್ದರು. ಕಿರೀಟದ ಗಾಜಿನ ಮಣಿಗಳು ಸದ್ದು ಮಾಡುತ್ತಿದ್ದವು.

"ವೇಷದಲ್ಲಿ ಇರೋವಾಗ ಸೂರಿನ ಕೆಳಗೆ ಬರಬಾರ್ದು ಕಣೋ ಮಾದೇವ. ಯಮ ಒಳಗೆ ಬಂದ ಅಂದ್ರೆ ಬರಿಗೈಲಿ ಹೋಗಲ್ಲ."

ಅಂಗಡಿ ಅವರದೇ. ಕುಮಾರಸ್ವಾಮಿ ಲೇಔಟಿನ ಮುಖ್ಯರಸ್ತೆಯ ಮೇಲಿರುವ ಆ ಕಟ್ಟಡ ಪೂರ್ತಿ ಅವರದೇ. ಕೆಳಗೆ ನನ್ನ ಇಸ್ತ್ರಿ ಅಂಗಡಿ, ಮೇಲೆ ಅವರ ಮನೆ. ಆದರೂ ವೇಷ ಹಾಕಿದ ದಿನ ಸ್ವಂತ ಮನೆಯ ಹೊಸಿಲನ್ನೂ ಅವರು ತುಳಿಯುತ್ತಿರಲಿಲ್ಲ. ಕಾಂಪೌಂಡಿನ ಮೂಲೆಯಲ್ಲಿ ಒಂದು ಸೀಬೆ ಮರವಿದೆ. ಅದರ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕೊಂಬೆಗೆ ಕನ್ನಡಿ ತೂಗುಹಾಕಿ ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಆಟ ಮುಗಿಸಿ ಬಂದ ಮೇಲೆ ಅಲ್ಲೇ ಕೂತು ತೊಳೆದುಕೊಳ್ಳುತ್ತಿದ್ದರು. ಕಿರೀಟ ಇಳಿಸಿದ ಕೂಡಲೇ ಒಂದು ಚೂರು ಬೆಲ್ಲ ತಮ್ಮ ಬಾಯಿಗೆ, ಒಂದು ಚೂರು ನನಗೆ.

"ಸಾವಿನ ಮಾತು ಆಡಿದ ಬಾಯಿ, ಸಿಹಿ ಮಾಡ್ಕೋಬೇಕು. ನೀನೂ ತಿನ್ನೋ ಹೆಣ."

ಹೆಣ ಎಂದರೆ ನಾನು. ಅದನ್ನು ಮುಂದೆ ಹೇಳುತ್ತೇನೆ.

ಅವರ ಹೆಸರು ಪಿಳ್ಳಪ್ಪ. ಹೆಸರು ಕೇಳಿ ಸಣ್ಣ ಆಳು ಎಂದುಕೊಂಡು ಬಾಡಿಗೆ ಮನೆ ವಿಚಾರಿಸಲು ಬಂದವರು, ಬಾಗಿಲು ತುಂಬ ನಿಂತ ಅವರನ್ನು ನೋಡಿ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದರು. ಹುಟ್ಟಿದ್ದು ಪುಟ್ಟೇನಹಳ್ಳಿಯಲ್ಲಿ. ಅದು ಹಳ್ಳಿಯಾಗಿಯೇ ಇದ್ದ ಕಾಲದಲ್ಲಿ ಅವರ ತಂದೆಗೆ ಕೆರೆಯ ಹತ್ತಿರ ಹೊಲವಿತ್ತಂತೆ. ನನ್ನನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ ಒಂದು ಅಪಾರ್ಟ್‌ಮೆಂಟನ್ನು ತೋರಿಸಿ, "ಅಗೋ, ಬಾಲ್ಕನೀಲಿ ಆವಮ್ಮ ಬಟ್ಟೆ ಒಣಗಾಕ್ತಾವ್ಳಲ್ಲ, ಅಲ್ಲೇ ಕೆಳಗೆ ನಮ್ಮಪ್ಪ ರಾಗಿ ಬಡೀತಿದ್ದ" ಎಂದಿದ್ದರು. ದುಃಖವೇನೂ ಇರಲಿಲ್ಲ. ಹೊಲ ಹೋಯಿತು, ಕಟ್ಟಡ ಬಂತು, ಅಷ್ಟೇ ಎನ್ನುವ ಹಾಗೆ ಹೇಳಿದ್ದರು.

ಆಗ ಊರವರೆಲ್ಲ ಸೇರಿ ವರ್ಷಕ್ಕೊಂದು ಪೌರಾಣಿಕ ನಾಟಕ ಆಡುತ್ತಿದ್ದರು. ಕಲಿಸಲು ಹಾರ್ಮೋನಿಯಂ ಮೇಷ್ಟ್ರೊಬ್ಬರು ಬರುತ್ತಿದ್ದರು. "ನಂಗೆ ಹಾಡೋಕೆ ಬರ್ತಿರ್ಲಿಲ್ಲ, ಗಾತ್ರ ಮಾತ್ರ ಇತ್ತು. ಮೇಷ್ಟ್ರು ನೋಡಿದ್ರು, ಯಮನ್ನ ಮಾಡಿಬಿಟ್ರು." ಆಮೇಲೆ ಊರು ಲೇಔಟಾಯಿತು, ಮೇಷ್ಟ್ರು ತೀರಿಕೊಂಡರು, ನಾಟಕ ನಿಂತಿತು. ಯಮನ ಪೆಟ್ಟಿಗೆ ಮಾತ್ರ ಅವರ ಅಟ್ಟದ ಮೇಲೆ ಉಳಿದುಕೊಂಡಿತು.

ಆ ಪೆಟ್ಟಿಗೆ ಕೆಳಗಿಳಿದದ್ದು ಲಕ್ಷ್ಮಮ್ಮನವರು ಹೋದ ಮೇಲೆ.

ಲಕ್ಷ್ಮಮ್ಮನವರು ಅವರ ಹೆಂಡತಿ. ನಮ್ಮ ಅಂಗಡಿಯ ಎದುರಿನ ರಸ್ತೆಗೆ ನಡುವೆ ಡಿವೈಡರ್ ಇದೆ. ಯೂ ಟರ್ನ್ ಇರುವುದು ತುಂಬ ಮುಂದೆ. ಅಷ್ಟು ದೂರ ಯಾರು ಹೋಗುತ್ತಾರೆ? ಪಕ್ಕದ ಅಡ್ಡರಸ್ತೆಯ ತಿರುವಿನಿಂದ ಇಳಿದವರೆಲ್ಲ ಫುಟ್‌ಪಾತ್ ಅಂಚಿಗೆ ಗಾಡಿ ಒತ್ತಿಕೊಂಡು ರಾಂಗ್ ಸೈಡಿನಲ್ಲೇ ಬರುತ್ತಾರೆ. ಲಕ್ಷ್ಮಮ್ಮನವರಿಗೆ ರಸ್ತೆ ಎಂದರೆ ಭಯ. ದಾಟುವುದು ಹೇಗೆಂದು ಅಣ್ಣನೇ ಅವರಿಗೆ ಹೇಳಿಕೊಟ್ಟಿದ್ದರು. "ಗಾಡಿ ಬರೋದೇ ಬಲಗಡೆಯಿಂದ. ಬಲಕ್ಕೆ ನೋಡ್ಕೊಂಡು ಇಳಿ, ಡಿವೈಡರ್ ಮುಟ್ಟೋ ತನಕ ಬಲಕ್ಕೇ ನೋಡು." ಅಂದು ಅವರು ಸೊಪ್ಪು ತರಲು ಹೊರಟಿದ್ದರು. ಗಂಡ ಹೇಳಿದ ಹಾಗೆ ಬಲಕ್ಕೆ ನೋಡಿಕೊಂಡು ಇಳಿದರು. ಬೈಕು ಎಡಗಡೆಯಿಂದ ಬಂತು.

ಅಣ್ಣ ಅಳಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು, ನಾನು ಮಡಿಸುತ್ತಿದ್ದ ಶರ್ಟುಗಳನ್ನೇ ನೋಡುತ್ತಾ, "ನಾನೇ ಹೇಳ್ಕೊಟ್ಟಿದ್ದೆ ಕಣೋ" ಎಂದರು. ನಾನು ಮುಂದಿನ ಶರ್ಟನ್ನು ಎತ್ತಿಕೊಂಡೆ. ನನಗೆ ಮಾತು ಬರುವುದು ಕಡಿಮೆ.

ಆ ವರ್ಷ ನಮ್ಮ ನಿವಾಸಿಗಳ ಸಂಘದವರು ಟ್ರಾಫಿಕ್ ಪೊಲೀಸಿನವರನ್ನು ಕರೆಸಿ ರಸ್ತೆ ಸುರಕ್ಷತಾ ಸಪ್ತಾಹಕ್ಕಾಗಿ ಸಭೆ ಮಾಡಿದರು. ಒಬ್ಬರು ಬ್ಯಾನರ್ ಎಂದರು, ಇನ್ನೊಬ್ಬರು ಕರಪತ್ರ ಎಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಅಣ್ಣ ಎದ್ದು ನಿಂತರು.

"ಕರಪತ್ರ ಹಂಚಿದ್ರೆ ಅದ್ರಲ್ಲಿ ಬೋಂಡ ಇಟ್ಕೊಂಡು ತಿಂತಾರೆ ಸಾರ್. ಜನಕ್ಕೆ ಭಯ ಆಗ್ಬೇಕು. ನಾನು ಯಮನ ವೇಷ ಹಾಕ್ತೀನಿ. ಆ ತಿರುವಲ್ಲಿ ನಿಲ್ತೀನಿ."

ಸಭೆ ನಕ್ಕಿತು. ಟ್ರಾಫಿಕ್ ಎಸ್ಸೈ ಮೇಡಂ ಮಾತ್ರ ನಗಲಿಲ್ಲ. "ಮಾಡಿ ಸಾರ್, ನಾನು ಬ್ಯಾರಿಕೇಡ್ ಕೊಡ್ತೀನಿ" ಎಂದರು.

ಮರುದಿನ ಅವರು ಪೆಟ್ಟಿಗೆಯಿಂದ ತೆಗೆದ ಕಪ್ಪು ಮಖಮಲ್ಲಿನ ನಿಲುವಂಗಿಯನ್ನು ತಂದು ನನ್ನ ಮೇಜಿನ ಮೇಲೆ ಹಾಕಿದರು. ನನ್ನ ಹೆಂಡತಿ ರತ್ನ ಒಳಗಿನಿಂದಲೇ ಕೂಗಿದಳು. "ರೀ, ಮದುವೆ ಮನೆಯವರ ಸೀರೆ ಇದೆ ಅಲ್ಲಿ. ಅದರ ಪಕ್ಕ ಯಮನ ಬಟ್ಟೆ ಇಡಬೇಡಿ." ಅಣ್ಣನಿಗೆ ಕೋಪ ಬರಲಿಲ್ಲ. "ಆಯಮ್ಮ ಹೇಳೋದು ಸರಿಯಾಗೇ ಐತೆ. ಎಲ್ಲಾರ ಬಟ್ಟೆ ಆದ್ಮೇಲೆ ನಂದು ಮಾಡು" ಎಂದರು. ಅಂದಿನಿಂದ ಅದೇ ಪದ್ಧತಿಯಾಯಿತು. ಮಿಕ್ಕ ಬಟ್ಟೆಗಳೆಲ್ಲ ಕಟ್ಟಿ ಪಕ್ಕಕ್ಕಿಟ್ಟ ಮೇಲೆ ಯಮನ ಅಂಗಿ. ಮಖಮಲ್ಲಿನ ಮೇಲೆ ನೇರವಾಗಿ ಇಸ್ತ್ರಿ ಪೆಟ್ಟಿಗೆ ಇಟ್ಟರೆ ಅದರ ನುಣುಪು ಮಲಗಿಬಿಡುತ್ತದೆ. ಒಳಮೈ ಹೊರಗೆ ಮಾಡಿ, ಕೆಳಗೆ ಟವೆಲ್ ಹಾಸಿ, ಮೇಲೊಂದು ಒದ್ದೆ ಬಟ್ಟೆ ಹಿಡಿದು ಹಗುರವಾಗಿ ಎಳೆಯಬೇಕು. ಮೊದಲ ಸಲ ಅದನ್ನು ನೋಡುತ್ತಾ ನಿಂತಿದ್ದವರು ಇದ್ದಕ್ಕಿದ್ದ ಹಾಗೆ ಕೇಳಿದರು:

"ಲೇ ಮಾದೇವ, ನಂಗೊಂದು ಹೆಣ ಬೇಕಲ್ಲೋ."

"ಏನಣ್ಣ ಹಾಗಂದ್ರೆ?"

"ಯಮ ಒಬ್ಬನೇ ನಿಂತು ಏನ್ ಮಾಡ್ತಾನೆ? ರಸ್ತೇಲಿ ಒಬ್ಬ ಬಿದ್ದಿರ್ಬೇಕು. ನೀನು ಸಣ್ಣಗಿದ್ದೀಯ, ಮಾತೂ ಆಡಲ್ಲ. ದೇವರೇ ನಿನ್ನ ಹೆಣದ ಪಾರ್ಟಿಗೆ ಅಂತ ಮಾಡವ್ನೆ."

ರತ್ನ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಆದರೂ ನಾನು ಒಪ್ಪಿಕೊಂಡೆ. ಅವರ ಬಾಡಿಗೆದಾರ ಎಂಬ ದಾಕ್ಷಿಣ್ಯಕ್ಕಲ್ಲ. ಸ್ಟೂಲಿನ ಮೇಲೆ ಕೂತು ಅವರು ಹೇಳಿದ ಆ ಒಂದು ಮಾತಿಗೆ ಅಂದು ನಾನು ಉತ್ತರ ಕೊಟ್ಟಿರಲಿಲ್ಲ. ಇದೇ ಉತ್ತರವಾಗಲಿ ಎನಿಸಿತು.

ಆಟ ಸರಳವಾಗಿತ್ತು. ಫುಟ್‌ಪಾತಿಗೆ ಸೇರಿದಂತೆ ರಸ್ತೆಯ ಅಂಚಿನಲ್ಲಿ ನಾನು ಬಿಳಿ ಪಂಚೆ ಹೊದ್ದು ಮಲಗಬೇಕು, ಪಕ್ಕದಲ್ಲೊಂದು ಹಳೆಯ ಸ್ಕೂಟರ್ ಉರುಳಿಸಿರುತ್ತಾರೆ. ಯಮ ಬಂದು ನನ್ನ ಮೇಲೆ ಪಾಶ ಬೀಸಿ ಅಬ್ಬರಿಸುತ್ತಾರೆ. "ಎಲೈ ನರನೇ! ನಿನ್ನ ಆಯುಷ್ಯ ಇನ್ನೂ ಬೆಟ್ಟದಷ್ಟಿತ್ತು. ಯೂ ಟರ್ನಿನ ತನಕ ಹೋಗಲಾರದೆ ನನ್ನ ಪಟ್ಟಣದ ದಾರಿ ಹಿಡಿದೆಯಾ? ಚಿತ್ರಗುಪ್ತನೂ ಇನ್ನೂ ಹಾಸಿಗೆ ಬಿಟ್ಟು ಎದ್ದಿಲ್ಲವಲ್ಲೋ ಮೂಢಾ!" ಜನ ಸೇರುತ್ತಾರೆ. ಆಮೇಲೆ ಮೇಡಂ ನಾಲ್ಕು ಮಾತು ಹೇಳುತ್ತಾರೆ.

ಮೊದಲ ದಿನ ಆಟ ಮುಗಿಯಿತೆಂದು ನಾನು ಪಂಚೆ ಸರಿಸಿ ಎದ್ದು ಕೂತೆ. ಅಣ್ಣನ ಮುಖ ಬಣ್ಣದ ಒಳಗೇ ಕಪ್ಪಿಟ್ಟಿತು. ಹೆಗಲು ಹಿಡಿದು ಮತ್ತೆ ಮಲಗಿಸಿದರು. "ಹೆಣ ಹಾಕಿದವನು ತಾನಾಗಿ ಏಳಬಾರ್ದು. ಮೇಷ್ಟ್ರು ಕಟ್ಟಿದ ನೇಮ. ಕೆಡವಿದವನೇ ಹೆಸರು ಹಿಡಿದು ಮೂರು ಸಲ ಕರೀಬೇಕು. ಇಲ್ಲಾಂದ್ರೆ ಎದ್ದು ಬರೋದು ಬರೀ ಮೈ, ಜೀವ ಅಲ್ಲೇ ಬಿದ್ದಿರ್ತದೆ." ಆಮೇಲೆ ಬಾಟಲಿಯಿಂದ ನೀರು ಚಿಮುಕಿಸಿ, ಯಮನ ಗಂಟಲು ಬಿಟ್ಟು ತಮ್ಮ ಸ್ವಂತ ಗಂಟಲಲ್ಲಿ ಕರೆದರು. "ಮಾದೇವ, ಏಳು. ಮಾದೇವ, ಏಳು. ಮಾದೇವ, ಏಳಪ್ಪ." ಅಷ್ಟು ಮೆತ್ತಗೆ ನನ್ನ ತಾಯಿ ಬಿಟ್ಟರೆ ಬೇರೆ ಯಾರೂ ನನ್ನನ್ನು ಕರೆದದ್ದಿಲ್ಲ. ಆಮೇಲಿನ ವರ್ಷಗಳಲ್ಲಿ ನಾನು ಕಣ್ಣು ಮುಚ್ಚಿಕೊಂಡು, ಬಿಸಿ ಟಾರಿನ ಮೇಲೆ ಕಾಯುತ್ತಿದ್ದದ್ದು ಆ ಕರೆಗಾಗಿ.

ಬ್ಯಾರಿಕೇಡನ್ನು ಮೇಡಂ ನಮ್ಮ ಬಲಗಡೆಗೆ, ಗಾಡಿಗಳು ಬರುವ ಕಡೆಗೆ ಇಡಿಸುತ್ತಿದ್ದರು. ಎಡಗಡೆಗೂ ಒಂದು ಇಡಿಸಲೇ ಎಂದು ಕೇಳಿದಾಗ ಅಣ್ಣ ಬೇಡವೆಂದರು. "ಎಡಗಡೆಯಿಂದ ಗಾಡಿ ಬರಲೇಬಾರ್ದಲ್ಲ ಮೇಡಂ, ಅದಕ್ಕೇ ತಾನೇ ಇಷ್ಟೆಲ್ಲ? ಆ ಕಡೆ ನಾನಿರ್ತೀನಿ." ಹಾಗೆ ಅವರು ಯಾವಾಗಲೂ ನನ್ನ ಎಡಗಡೆಗೆ ನಿಲ್ಲುತ್ತಿದ್ದರು.

ಹತ್ತಿರದ ಶಾಲೆಗಳಿಗೂ ಹೋಗುತ್ತಿದ್ದೆವು. ಅಲ್ಲಿ ಹೆಣ ಇರಲಿಲ್ಲ, ಮಕ್ಕಳು ಹೆದರುತ್ತಾರೆ ಎಂದು. ಅಂಗಳದಲ್ಲಿ ರಂಗೋಲಿ ಪುಡಿಯಲ್ಲಿ ರಸ್ತೆ ಬರೆದು ಮಕ್ಕಳನ್ನು ದಾಟಿಸುತ್ತಿದ್ದರು. ಟೀಚರುಗಳು ಹೇಳಿಕೊಡುವ ಪಾಠದ ಮೇಲೆ ಅವರದೊಂದು ಮಾತು ಇರುತ್ತಿತ್ತು. "ರೂಲ್ಸು ಬಲಗಡೆಯಿಂದ ಬರ್ತದೆ ಮಕ್ಳಾ. ನಾನು ಎಡಗಡೆಯಿಂದ ಬರ್ತೀನಿ. ಎರಡೂ ಕಡೆ ನೋಡಿ." ಮಕ್ಕಳು "ಯಮ ತಾತ, ಯಮ ತಾತ" ಎಂದು ಗದೆಗೆ ಜೋತುಬೀಳುತ್ತಿದ್ದವು. ಒಬ್ಬ ಹುಡುಗ, "ನಿಮ್ ಕೋಣ ಎಲ್ಲಿ ಪಾರ್ಕ್ ಮಾಡಿದ್ದೀರ?" ಎಂದು ಕೇಳಿದ. "ನೋ ಪಾರ್ಕಿಂಗಲ್ಲಿ ಬಿಟ್ಟಿದ್ದೆ ಕಣಪ್ಪ, ಪೊಲೀಸ್ನೋರು ಎತ್ತಾಕ್ಕೊಂಡು ಹೋದ್ರು" ಎಂದರು. ಅವರು ಮನಸಾರೆ ನಕ್ಕದ್ದನ್ನು ನಾನು ಕಂಡದ್ದು ಶಾಲೆಗಳಲ್ಲಿ ಮಾತ್ರ.

ರಸ್ತೆಯಲ್ಲಿ ನಗುತ್ತಿದ್ದವರು ಜನ.

ನಾನು ಕಣ್ಣು ಮುಚ್ಚಿ ಮಲಗಿರುತ್ತಿದ್ದುದರಿಂದ ನನಗೆ ಎಲ್ಲವೂ ಕೇಳಿಸುತ್ತಿತ್ತು. "ಗುರು, ಯಮನ ಗೆಟಪ್ ಸಖತ್ತಾಗಿದೆ!" "ಅಂಕಲ್, ಒಂದೇ ಒಂದು ಸೆಲ್ಫಿ, ಹಗ್ಗ ನನ್ನ ಕುತ್ತಿಗೆಗೆ ಹಾಕಿ, ಪ್ಲೀಸ್." "ಮಗಾ, ಹೆಣ ಉಸಿರಾಡ್ತಿದೆ ನೋಡೋ." ಅಣ್ಣ ಯಾರಿಗೂ ಇಲ್ಲವೆನ್ನುತ್ತಿರಲಿಲ್ಲ. ಹಗ್ಗ ಹಾಕಿ ನಿಲ್ಲುತ್ತಿದ್ದರು. ಫೋಟೋ ತೆಗೆಸಿಕೊಂಡವರು ಗಾಡಿ ಏರಿ, ಬಂದ ದಾರಿಯಲ್ಲೇ, ರಾಂಗ್ ಸೈಡಿನಲ್ಲೇ ಹೊರಟುಹೋಗುತ್ತಿದ್ದರು. ಆ ಸದ್ದು ನನ್ನ ಕಿವಿಯ ಪಕ್ಕದಲ್ಲೇ ಹಾದುಹೋಗುತ್ತಿತ್ತು.

"ಭಯ ಬೀಳ್ಲಿ ಅಂತ ಬಂದ್ರೆ ನಗ್ತಾರಲ್ಲೋ" ಎಂದರು ಒಂದು ದಿನ, ಸೀಬೆ ಮರದ ಕೆಳಗೆ ಮೀಸೆ ಕೀಳುತ್ತಾ. "ನಂಗೇನೂ ಬೇಡ ಮಾದೇವ. ಒಂದು ದಿನ, ಒಂದೇ ಒಂದು ಬೆಳಗ್ಗೆ, ಆ ತಿರುವಲ್ಲಿ ಎಡಗಡೆಯಿಂದ ಒಂದು ಗಾಡೀನೂ ಬರದೇ ಇರೋದನ್ನ ನೋಡ್ಬೇಕು. ಅವಳಿಗೆ ನಾನು ಹೇಳ್ಕೊಟ್ಟಿದ್ದು ಅವತ್ತೊಂದು ದಿನವಾದ್ರೂ ಸರಿಯಾಗ್ತದಲ್ಲ."

ಇನ್ನೊಂದು ದಿನದ ಸಂಗತಿಯನ್ನು ಬರೆಯಬೇಕೋ ಬೇಡವೋ ಗೊತ್ತಿಲ್ಲ. ಅವರ ಮಗ ಕೆಟ್ಟವನಲ್ಲ. ಅಂದು ಆಟ ಎಳೆದುಕೊಂಡು ಊಟದ ಹೊತ್ತು ಮೀರಿತ್ತು. ಸಕ್ಕರೆ ಕಾಯಿಲೆಯ ಅಪ್ಪ ಹಸಿದಿರುತ್ತಾನೆಂದು ಮಗ ತಾನೇ ಸ್ಕೂಟರಿನಲ್ಲಿ ಬಂದ. ಗಾಡಿ ನನ್ನ ತಲೆಯ ಹತ್ತಿರ ನಿಂತಿತು. ನಾನು ಅರೆಗಣ್ಣು ಬಿಟ್ಟೆ. ಬಂದದ್ದು ಎಡಗಡೆಯಿಂದ.

"ಅಪ್ಪ, ಬಿಸಿ ಮುದ್ದೆ ತಂದಿದ್ದೀನಿ. ಯೂ ಟರ್ನ್ ತನಕ ಹೋದ್ರೆ ಆರೋಗುತ್ತೆ ಅಂತ ಹಿಂಗೇ ಬಂದ್ಬಿಟ್ಟೆ."

ಜನ ಹೋ ಎಂದು ನಕ್ಕರು. "ಯಮನ ಮಗನೇ ರಾಂಗ್ ಸೈಡು!" ಎಂದು ಯಾರೋ ಕೂಗಿದರು. ಮಗನಿಗೆ ಆಗ ಅರಿವಾಯಿತು. ನಿಂತ ಜಾಗವನ್ನು ನೋಡಿದ. ಅವನ ತಾಯಿ ಬಿದ್ದದ್ದು ಅಲ್ಲೇ. "ಅಪ್ಪ..." ಎಂದ. ಅಣ್ಣ ಊಟದ ಕ್ಯಾರಿಯರನ್ನು ತೆಗೆದುಕೊಂಡು ಫುಟ್‌ಪಾತ್ ಮೇಲಿಟ್ಟರು, ಗದೆಯನ್ನು ಕೆಳಗಿಟ್ಟು, ಮಗನ ಸ್ಕೂಟರಿನ ಹ್ಯಾಂಡಲ್ ಹಿಡಿದು ತಾವೇ ಅದನ್ನು ತಿರುಗಿಸಿ ನಿಲ್ಲಿಸಿದರು. ಅಂದು ಅವರು ಊಟ ಮಾಡಲಿಲ್ಲ. ನನ್ನನ್ನು ಕರೆದು ಎಬ್ಬಿಸುವುದನ್ನು ಮಾತ್ರ ಮರೆಯಲಿಲ್ಲ.

ಅವರ ಕೊನೆಯ ಆಟ ಬೆಳಗಿನ ಹೊತ್ತಿನಲ್ಲಿತ್ತು, ಶಾಲೆಗೆ ಮಕ್ಕಳನ್ನು ಬಿಡುವ ಸಮಯ. ಚಳಿ ಇನ್ನೂ ಬಿಟ್ಟಿರಲಿಲ್ಲ. ನಾನು ಪಂಚೆ ಹೊದ್ದು ಮಲಗಿದ್ದೆ. ಅಣ್ಣ "ಎಲೈ ನರನೇ" ಎಂದು ಶುರುಮಾಡಿದ್ದರು. ಆಯುಷ್ಯ ಬೆಟ್ಟದಷ್ಟಿತ್ತು ಎನ್ನುವಲ್ಲಿಗೆ ಬಂದಿದ್ದರು. ನನ್ನ ಎಡಗಡೆಯಿಂದ ಒಂದು ಹಾರ್ನ್, ಒಂದು ಬ್ರೇಕಿನ ಕಿರುಚು, ಆಮೇಲೆ ಹಿಟ್ಟಿನ ಮೂಟೆ ನೆಲಕ್ಕೆ ಹಾಕಿದಂಥ ಸದ್ದು. ಕಿರೀಟ ಉರುಳಿಕೊಂಡು ಹೋದದ್ದು ಕೇಳಿಸಿತು. ಗಾಜಿನ ಮಣಿಗಳ ಸದ್ದು ನನಗೆ ಚೆನ್ನಾಗಿ ಗೊತ್ತು.

ಜನ ಚಪ್ಪಾಳೆ ತಟ್ಟಿದರು.

ಇದು ಹೊಸದಾಗಿ ಸೇರಿಸಿದ ದೃಶ್ಯವೇನೋ ಎಂದು ನಾನೂ ಕಾದೆ. ಹೆಸರು ಹಿಡಿದು ಕರೆಯಬೇಕಿತ್ತು. ಕರೆ ಬರಲಿಲ್ಲ. ಒಂದು ಮಗು ಅಳುವುದು ಕೇಳಿಸಿತು. ಪಂಚೆ ಸರಿಸಿ ನೋಡಿದೆ.

ಅಣ್ಣ ನನ್ನ ಮತ್ತು ಎಡಗಡೆಯಿಂದ ಬಂದ ಒಂದು ಸ್ಕೂಟರಿನ ನಡುವೆ ಬಿದ್ದಿದ್ದರು. ತಲೆ ಫುಟ್‌ಪಾತಿನ ಕಲ್ಲಿನ ಪಕ್ಕದಲ್ಲಿತ್ತು. ಮೀಸೆಯ ಒಂದು ಕಡೆ ಕಿತ್ತುಬಂದು ಕೆನ್ನೆಗೆ ಅಂಟಿತ್ತು. ಸ್ಕೂಟರಿನವನು ಹೆಲ್ಮೆಟ್ ಹಾಕಿದ್ದ, ಮರ್ಯಾದಸ್ಥನ ಹಾಗಿದ್ದ. "ಸ್ಕೂಲ್ ಗೇಟ್ ಹಾಕ್ಬಿಡ್ತಾರೆ ಅಂತ... ಗೇಟ್ ಹಾಕ್ಬಿಡ್ತಾರೆ ಅಂತ..." ಎಂದು ಅದನ್ನೇ ಹೇಳುತ್ತಿದ್ದ. ಮುಂದೆ ನಿಂತುಕೊಂಡು ಬಂದಿದ್ದ ಅವನ ಮಗಳು, ಯೂನಿಫಾರ್ಮಿನ ಪುಟ್ಟ ಹುಡುಗಿ, ಯಮ ತಾತನನ್ನು ನೋಡುತ್ತಾ ಅಳುತ್ತಿದ್ದಳು. "ನಾನು ಹೇಳ್ದೆ ಅಪ್ಪಂಗೆ. ರಾಂಗ್ ಸೈಡ್ ಅಂತ ಹೇಳ್ದೆ."

ಅವಳು ಕಲಿತಿದ್ದಳು. ಅವರು ಕಲಿಸಿದ್ದು ಅವಳಿಗೆ ಬಂದಿತ್ತು.

ನನಗೆ ಏನು ಮಾಡಬೇಕೆಂದು ತೋಚಲಿಲ್ಲ. ಅವರು ಕಲಿಸಿದ್ದರಲ್ಲಿ ನನಗೆ ಗೊತ್ತಿದ್ದದ್ದು ಒಂದೇ. ಬಾಟಲಿಯ ನೀರನ್ನು ಅವರ ಮುಖಕ್ಕೆ ಚಿಮುಕಿಸಿದೆ. ಬಣ್ಣ ಕರಗಿ ಕಿವಿಯ ಕಡೆಗೆ ಇಳಿಯಿತು. ಅವರನ್ನು ನಾನು ಎಂದೂ ಹೆಸರಿನಿಂದ ಕರೆದವನಲ್ಲ. ವಯಸ್ಸಿನಲ್ಲಿ ಹಿರಿಯರು, ನೆರಳು ಕೊಟ್ಟವರು. ಅಂದು ಕರೆದೆ.

"ಪಿಳ್ಳಪ್ಪ, ಏಳು."

ಸುತ್ತ ನಿಂತವರಲ್ಲಿ ಒಬ್ಬ ಫೋನ್ ಹಿಡಿದುಕೊಂಡೇ ಪಕ್ಕದವನಿಗೆ ಹೇಳಿದ. "ಇವತ್ತು ಉಲ್ಟಾ ಗುರು. ಹೆಣ ಎದ್ದು ಯಮನ್ನ ಎಬ್ಬಿಸ್ತಿದೆ." ಮತ್ತೆ ನಗು.

"ಪಿಳ್ಳಪ್ಪ, ಏಳು. ಪಿಳ್ಳಪ್ಪ, ಏಳಣ್ಣ..."

ಅಷ್ಟರಲ್ಲಿ ಮೇಡಂ ಓಡಿಬಂದು ಜನರನ್ನು ತಳ್ಳಿದರು. ಮೇಡಂ ಮುಖ ನೋಡಿದ ಮೇಲೆ ನಗು ನಿಂತಿತು. ಫೋನುಗಳು ಕೆಳಗಿಳಿಯಲಿಲ್ಲ. ಸುತ್ತೆಲ್ಲ ಗಾಡಿ ತುಂಬಿ ರಸ್ತೆ ಕಟ್ಟಿಹೋಗಿತ್ತು. ಆಂಬುಲೆನ್ಸ್ ಕೂಗಿಕೊಂಡು ಎಡಗಡೆಯಿಂದಲೇ ಬಂತು. ಅದಕ್ಕೂ ಅದೇ ಹತ್ತಿರದ ದಾರಿ.

ಆಸ್ಪತ್ರೆಯಲ್ಲಿ ಅವರ ವೇಷ ಬಿಚ್ಚಿ ಒಂದು ಚೀಲದಲ್ಲಿ ತುಂಬಿ ಮಗನ ಕೈಗೆ ಕೊಟ್ಟರು. ಸಂಜೆ ಅವರನ್ನು ಮನೆಗೆ ತಂದಾಗ ಮೈಮೇಲೆ ಬಿಳಿ ಬಟ್ಟೆಯಿತ್ತು, ಮುಖ ತೊಳೆದಿದ್ದರು. ಕಿವಿಯ ಹಿಂದೆ ಒಂದು ಚೂರು ಕಪ್ಪು ಬಣ್ಣ ಉಳಿದಿತ್ತು. ಹೊಸಿಲು ದಾಟಿಸಿ ಒಳಗೆ ಮಲಗಿಸಿದರು.

ನಾನು ಮನೆಗೆ ಬಂದಾಗ ರತ್ನ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದಳು. ಅವಳಿಗೆ ನೇಮ ಗೊತ್ತಿತ್ತು. ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ಹಿಡಿದುಕೊಂಡಿದ್ದಳು. ಮದುವೆಯಾದಾಗಿನಿಂದ ನನ್ನ ಹೆಸರನ್ನು ಅವಳು ಬಾಯಲ್ಲಿ ಆಡಿದವಳಲ್ಲ. ತಲೆ ತಗ್ಗಿಸಿಕೊಂಡು, ಬೇರೆ ಯಾರಿಗೂ ಕೇಳಿಸದ ಹಾಗೆ, "ಮಾದೇವ, ಏಳಿ" ಎಂದಳು. ಮೂರು ಸಲ ಎಂದಳು. ನಾನು ಹ್ಞೂಂ ಎಂದು ಒಳಗೆ ಬಂದೆ. ಬೆಲ್ಲ ತಿಂದೆ.

ಈಗ ಸಂಘದವರು ಇನ್ನೊಬ್ಬ ಯಮನನ್ನು ಹುಡುಕುತ್ತಿದ್ದಾರೆ. ಮಖಮಲ್ಲಿನ ಅಂಗಿಯನ್ನು ಮಗ ನನಗೆ ತಂದುಕೊಟ್ಟ. ಒಗೆದು, ಒಳಮೈ ಹೊರಗೆ ಮಾಡಿ, ಇಸ್ತ್ರಿ ಹಾಕಿ, ಎಲ್ಲರ ಬಟ್ಟೆಗಳ ಕೊನೆಯಲ್ಲಿ ಇಟ್ಟಿದ್ದೇನೆ. ಅಂಗಡಿಯಿಂದ ಆ ತಿರುವು ಕಾಣುತ್ತದೆ. ಬೆಳಗಿನಿಂದ ಗಾಡಿಗಳು ಎಡಗಡೆಯಿಂದ ಬರುತ್ತಲೇ ಇರುತ್ತವೆ, ಅಣ್ಣ ಬಿದ್ದ ಜಾಗದ ಮೇಲೇ ಹಾದುಹೋಗುತ್ತವೆ. ಒಂದು ಬೆಳಗ್ಗೆಯಾದರೂ ಬರದೆ ಇರುತ್ತವೆಯೋ ಎಂದು ಅವರ ಬದಲಿಗೆ ನಾನು ನೋಡುತ್ತಿದ್ದೆ. ಈಚೆಗೆ ಅದನ್ನೂ ಬಿಟ್ಟಿದ್ದೇನೆ. ಮೇಜನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಿದ್ದೇನೆ.

ರತ್ನ ಕರೆದದ್ದು ನನಗೆ ಕೇಳಿಸಿತು. ಅವಳ ಮೇಲೆ ನನಗೇನೂ ಇಲ್ಲ. ಆದರೆ ಕೆಡವಿದವನೇ ಕರೆಯಬೇಕು ಎಂದು ಅವರು ಹೇಳಿದ್ದರು. ಇಸ್ತ್ರಿ ಪೆಟ್ಟಿಗೆ ಎತ್ತುವುದು, ಮಡಿಸುವುದು, ಕಟ್ಟುವುದು ಎಲ್ಲ ನಡೆಯುತ್ತಿದೆ. ಅಲ್ಲಿಂದ ಎದ್ದು ಬಂದದ್ದು ಬರೀ ಮೈ.